ಕೊಳವೆಯ ಮೇಲಿನ ಅಂಕಿ: ಒತ್ತಡ, ತಾಳಿಕೆ ಮತ್ತು ಸಂಧಿ

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ನೀರಿನ ಕೊಳವೆಯ ವಿಚಾರಕ್ಕೇನು ಕೆಲಸ ಎಂದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕೇಳಬಹುದು. ಉತ್ತರವನ್ನು ಒಂದು ಅನುಭವದಿಂದಲೇ ಆರಂಭಿಸುತ್ತೇನೆ.

ಮೂವತ್ತು ವರ್ಷಗಳಿಗೂ ಹಿಂದೆ, ನಾನು ಬಿ.ಎ. ಓದುತ್ತಿದ್ದಾಗ, ನಮ್ಮ ಕಾಕಾ ದಾಳಿಂಬೆಯ ತೋಟಕ್ಕೆ ಕೊಳವೆಮಾರ್ಗ ಹಾಕಿಸಲು ಹೊರಟರು. ಬಾವಿ ಇದ್ದುದು ತಗ್ಗಿನ ಹೊಲದಲ್ಲಿ. ತೋಟ ಗುಡ್ಡದ ಮಗ್ಗುಲಲ್ಲಿ. ಕಾಕಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮರಾಠಿ, ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತವನೆಂದು ನನ್ನನ್ನು ಅಂಗಡಿಗೆ ಕರೆದೊಯ್ದರು. ರಾಶಿ ಹಾಕಿದ್ದ ಬೂದುಬಣ್ಣದ ಪೈಪುಗಳ ಮುಂದೆ ನಿಂತು, “ತಮ್ಮಾ, ಅದರ ಮ್ಯಾಲ ಏನ ಬರದಾರ, ಓದು ನೋಡೂಣು” ಎಂದರು. “ನಾಕ ಕೆಜಿ ಅಂತ ಐತಿ ಕಾಕಾ” ಎಂದೆ. “ನಾಕ ಕೆಜಿ ಅಂದ್ರ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಂಗಡಿಯವರು, “ಸಾಕಾಗ್ತೈತ್ರಿ, ಎಲ್ಲಾರೂ ಇದನ್ನ ಒಯ್ತಾರ” ಎಂದರು. ಕಾಕಾ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

ಎರಡನೆಯ ಬೇಸಿಗೆಯಲ್ಲಿ ಆ ಮಾರ್ಗ ಬಾವಿಯ ಹತ್ತಿರದ ತಿರುವಿನಲ್ಲಿ ಬಿಚ್ಚಿಕೊಂಡಿತು. ಅದನ್ನು ಕೂಡಿಸಿದ ನಾಲ್ಕೇ ದಿನಕ್ಕೆ ಇನ್ನೊಂದು ಕಡೆ ಪೈಪು ಉದ್ದಕ್ಕೆ ಸೀಳಿತು. ಕಾಯಿ ಹಿಡಿದಿದ್ದ ಗಿಡಗಳಿಗೆ ಹದಿನೈದು ದಿನ ಸರಿಯಾಗಿ ನೀರು ಹೋಗಲಿಲ್ಲ. ಆ ವರ್ಷದ ಫಸಲು ಬಹುಪಾಲು ನೆಲಕ್ಕೆ ಬಿತ್ತು. ಕಾಕಾ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಅಂಗಡಿಯಲ್ಲಿ ನಾನು ತಲೆಯಾಡಿಸಿದ್ದನ್ನು ನಾನು ಮರೆತಿಲ್ಲ. ಅಂದು ಅಂಕಿಯನ್ನು ಓದಿದ್ದೆ, ಅದರ ಅರ್ಥವನ್ನು ವಿಚಾರಿಸಿರಲಿಲ್ಲ.

ನಮ್ಮ ಜತ್ತ ತಾಲೂಕಿನ ಪೂರ್ವ ಭಾಗದ ಊರುಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ, ಕೊಳವೆಯ ಮೈಮೇಲಿನ ಬರಹ ಇಂಗ್ಲಿಷ್. ಉಮದಿಯಾಗಲಿ, ಸಂಖವಾಗಲಿ, ಬಿಳೂರಾಗಲಿ, ನೀರಿಗಾಗಿ ಸಾಲ ಮಾಡದ ರೈತ ಕುಟುಂಬ ಅಪರೂಪ. ಆ ಸಾಲದ ದೊಡ್ಡ ಪಾಲು ನೆಲದೊಳಗಿನ ಕೊಳವೆಗೆ ಹೋಗುತ್ತದೆ. ಅದರ ಮೇಲಿನ ಬರಹವನ್ನು ಓದಿ ಹೇಳಬೇಕಾದವರು ಆ ಮನೆಯ ಕಾಲೇಜು ವಿದ್ಯಾರ್ಥಿಗಳು, ಎಂದರೆ ನೀವು. ಭಾಷೆಯನ್ನು ಐಚ್ಛಿಕವಾಗಿ ಓದುವವರಿಗೆ ಅರ್ಥನಿರ್ಣಯವೇ ವೃತ್ತಿ. ಹಳಗನ್ನಡ ಪದ್ಯದ ಅನ್ವಯಕ್ಕೆ ಕೊಡುವ ಗಮನದಲ್ಲಿ ಒಂದು ಪಾಲನ್ನು ಈ ಬರಹಕ್ಕೂ ಕೊಡೋಣ.

ಅಧ್ಯಾಹಾರದಲ್ಲಿ ಅಡಗಿದ ಅರ್ಥ

“ನಾಲ್ಕು ಕೆಜಿ ಪೈಪು” ಎಂಬ ಮಾತನ್ನು ಕೇಳಿದವರಲ್ಲಿ ಹಲವರು ಅದು ಪೈಪಿನ ತೂಕವೆಂದೇ ತಿಳಿಯುತ್ತಾರೆ. ಇಲ್ಲಿ ನಡೆದಿರುವುದು ಒಂದು ಅಧ್ಯಾಹಾರ. ವಾಕ್ಯದಲ್ಲಿ ಹೇಳದೆ ಬಿಟ್ಟ ಪದವನ್ನು ಓದುವವನು ತಾನೇ ತುಂಬಿಕೊಳ್ಳಬೇಕು. ಪೂರ್ಣವಾಗಿ ಹೇಳುವುದಾದರೆ, “ಒಳಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನಾಲ್ಕು ಕಿಲೋಗ್ರಾಂ ಭಾರದಷ್ಟು ಒತ್ತಡ ಬಿದ್ದರೂ ಬಹುಕಾಲ ತಾಳಬಲ್ಲ ಪೈಪು” ಎಂದಾಗುತ್ತದೆ. ವ್ಯಾಪಾರದ ಮಾತಿನಲ್ಲಿ ‘ಪ್ರತಿ ಚದರ ಸೆಂಟಿಮೀಟರಿಗೆ’ ಎಂಬ ಭಾಗ ಉದುರಿಹೋಗಿದೆ. ಅರ್ಥವೆಲ್ಲ ಇರುವುದು ಆ ಉದುರಿದ ಭಾಗದಲ್ಲಿ.

ಒತ್ತಡವೆಂಬುದು ಕೇವಲ ಬಲವಲ್ಲ. ಇಂತಿಷ್ಟು ಜಾಗದ ಮೇಲೆ ಹಂಚಿಹೋದ ಬಲ. ಬೆರಳಿನಿಂದ ಒತ್ತಿದರೆ ನೋಯದ ಚರ್ಮ ಅಷ್ಟೇ ಬಲದಿಂದ ಸೂಜಿಯ ಮೊನೆ ಒತ್ತಿದರೆ ತೂತಾಗುತ್ತದೆ. ಬಲ ಒಂದೇ, ಜಾಗ ಬೇರೆ. ‘ಒತ್ತು’ ಎಂಬ ಧಾತುವಿನಿಂದ ಬಂದ ಈ ಪದ ನಿಮಗೆ ಅಪರಿಚಿತವಲ್ಲ. ಒತ್ತಕ್ಷರದಲ್ಲಿ, ಒತ್ತಾಯದಲ್ಲಿ ಅದು ನಮ್ಮೊಡನೆ ಇದೆ. ಮರಾಠಿಯ ‘ದಾಬ’ವೂ ಇದೇ ಅರ್ಥದ್ದು. ನಮ್ಮ ಕಡೆಯ ರೈತರು “ನಳಕ್ಕ ದಾಬ ಇಲ್ಲ” ಎಂದು ಕನ್ನಡದಲ್ಲೇ ಮರಾಠಿಯನ್ನು ಬೆರೆಸಿ ಹೇಳುವಾಗ ಈ ಅರ್ಥವನ್ನೇ ಸರಿಯಾಗಿ ಹೇಳುತ್ತಾರೆ.

ನೀರಿನ ಒತ್ತಡವನ್ನು ಲೆಕ್ಕ ಹಾಕುವುದು ಸುಲಭ. ಒಂದು ಚದರ ಸೆಂಟಿಮೀಟರ್ ತಳವಿರುವ, 10 ಮೀಟರ್ ಎತ್ತರದ ನೀರಿನ ಕಂಬವನ್ನು ಕಲ್ಪಿಸಿಕೊಳ್ಳಿ. 10 ಮೀಟರ್ ಎಂದರೆ 1000 ಸೆಂಟಿಮೀಟರ್. ಆ ಕಂಬದ ಗಾತ್ರ 1000 ಘನ ಸೆಂಟಿಮೀಟರ್, ಅಂದರೆ ಒಂದು ಲೀಟರ್. ಅದರ ತೂಕ ಒಂದು ಕಿಲೋಗ್ರಾಂ. ಆದ್ದರಿಂದ 10 ಮೀಟರ್ ಎತ್ತರದ ನೀರು ತಳದಲ್ಲಿ ಉಂಟುಮಾಡುವ ಒತ್ತಡ 1 ಕೆಜಿ. ಊರಿನ ಎತ್ತರದ ಟಾಕಿಯಲ್ಲಿ ನೀರಿನ ಮಟ್ಟ ನಿಮ್ಮ ಮನೆಯ ನಳಕ್ಕಿಂತ 12 ಮೀಟರ್ ಮೇಲಿದ್ದರೆ, ನಳ ಮುಚ್ಚಿದ್ದಾಗ ಅಲ್ಲಿನ ಒತ್ತಡ 1.2 ಕೆಜಿ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ನಿಂತ ನೀರಿನ ಒತ್ತಡಕ್ಕೆ ಲೆಕ್ಕ ಬರುವುದು ನೆಟ್ಟನೆಯ ಎತ್ತರ ಮಾತ್ರ. ಇಳಿಜಾರಿನಲ್ಲಿ ಮಲಗಿದ ಕೊಳವೆ ಎಷ್ಟು ಉದ್ದವಿದ್ದರೂ ಅದು ಮುಖ್ಯವಲ್ಲ. ಹಾಗೆಯೇ ಕೊಳವೆಯ ಅಗಲವೂ ಒತ್ತಡವನ್ನು ಬದಲಿಸುವುದಿಲ್ಲ. ಅರ್ಧ ಇಂಚಿನ ನಳಿಕೆಯಲ್ಲೂ ನಾಲ್ಕು ಇಂಚಿನ ಕೊಳವೆಯಲ್ಲೂ ಒಂದೇ ಎತ್ತರದ ನೀರು ಒಂದೇ ಒತ್ತಡವನ್ನು ಕೊಡುತ್ತದೆ. ಹದಿನೇಳನೆಯ ಶತಮಾನದ ಫ್ರೆಂಚ್ ಚಿಂತಕ ಬ್ಲೇಸ್ ಪಾಸ್ಕಲ್ ಇದರ ನಿಯಮವನ್ನು ವಿವರಿಸಿದ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದ. ಒತ್ತಡದ ಅಂತಾರಾಷ್ಟ್ರೀಯ ಮಾನಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.

ಒಂದೇ ಮಾತಿಗೆ ಹಲವು ಲಿಪಿ

ಕೊಳವೆ ತಾಳಬಲ್ಲ ಒತ್ತಡವನ್ನು ಇಂಗ್ಲಿಷಿನಲ್ಲಿ ಪ್ರೆಶರ್ ರೇಟಿಂಗ್ ಎನ್ನುತ್ತಾರೆ. ತಾಳಿಕೆ–ಬಾಳಿಕೆ ಎಂಬ ಜೋಡುನುಡಿ ನಮ್ಮಲ್ಲಿ ಮೊದಲಿನಿಂದಲೂ ಇರುವುದರಿಂದ ನಾನು ಅದನ್ನು ಈ ಲೇಖನದಲ್ಲಿ ‘ತಾಳಿಕೆ’ ಎಂದು ಕರೆಯುತ್ತೇನೆ. ಈ ತಾಳಿಕೆಯನ್ನು ತಯಾರಕರು ಬೇರೆ ಬೇರೆ ಮಾನಗಳಲ್ಲಿ ಮುದ್ರಿಸುವುದರಿಂದ ಗೊಂದಲ ಹುಟ್ಟುತ್ತದೆ. ಒಂದು ಕೆಜಿ ಎಂಬುದು ಸುಮಾರಾಗಿ ಒಂದು ಬಾರ್, ಒಂದು ಮೆಗಾಪಾಸ್ಕಲಿನ ಹತ್ತನೆಯ ಒಂದು ಭಾಗ, 14 ಪಿಎಸ್ಐ, ಮತ್ತು 10 ಮೀಟರ್ ನೀರು. ಇವುಗಳಲ್ಲಿ ಸಣ್ಣ ವ್ಯತ್ಯಾಸವಿದೆಯಾದರೂ ಹೊಲದ ಲೆಕ್ಕಕ್ಕೆ ಇಷ್ಟು ಸಾಕು. ಕಪ್ಪು ಎಚ್‌ಡಿಪಿಇ ಕೊಳವೆಯ ಮೇಲೆ ‘ಪಿಎನ್ 10’ ಎಂದಿದ್ದರೆ ಅದು 10 ಬಾರ್ ತಾಳಿಕೆಯದು ಎಂದು ಓದಬೇಕು. ಹಿತ್ತಾಳೆಯ ವಾಲ್ವಿನ ಮೇಲೆ ‘200 ಡಬ್ಲ್ಯೂಒಜಿ’ ಎಂದು ಉಬ್ಬಕ್ಷರವಿದ್ದರೆ ಅದು ನೀರು, ಎಣ್ಣೆ, ಅನಿಲಗಳನ್ನು ತಣ್ಣಗಿರುವಾಗ 200 ಪಿಎಸ್ಐ ವರೆಗೆ, ಎಂದರೆ ಸುಮಾರು 14 ಕೆಜಿ ವರೆಗೆ ತಡೆಯಬಲ್ಲದು.

ಹೊಲದಲ್ಲಿ ಹೆಚ್ಚಾಗಿ ಬಳಸುವ ಪಿವಿಸಿ ಕೊಳವೆಗಳಿಗೆ ಭಾರತೀಯ ಮಾನಕ ಐಎಸ್ 4985 ಅನ್ವಯಿಸುತ್ತದೆ. ಅದರಲ್ಲಿ ಆರು ವರ್ಗಗಳು: 2.5, 4, 6, 8, 10 ಮತ್ತು 12.5 ಕೆಜಿ. ವರ್ಗದ ಕ್ರಮಸಂಖ್ಯೆ ಬೇರೆ, ತಾಳಿಕೆಯ ಅಂಕಿ ಬೇರೆ ಎಂಬುದನ್ನು ಮರೆಯಬಾರದು. ‘ಕ್ಲಾಸ್ 4’ ಎಂದು ಬರೆದಿದ್ದರೆ ಅದು 8 ಕೆಜಿಯ ಪೈಪು; 4 ಕೆಜಿಯ ಪೈಪು ‘ಕ್ಲಾಸ್ 2’. ಈ ಎರಡು ನಾಲ್ಕುಗಳನ್ನು ಒಂದೇ ಎಂದು ತಿಳಿದು ಮೋಸ ಹೋದವರೂ ಉಂಟು.

ಗೋಡೆಯ ದಪ್ಪವನ್ನು ಬೆರಳಿನಿಂದ ಒತ್ತಿ ನೋಡಿ “ಇದು ಗಟ್ಟಿ ಐತಿ” ಎನ್ನುವುದು ನಮ್ಮ ರೂಢಿ. ಅದು ಸಾಲದು. 4 ಕೆಜಿ ಒತ್ತಡದಲ್ಲಿ 63 ಮಿಲಿಮೀಟರ್ ಕೊಳವೆಯ ಗೋಡೆ, ಪ್ರತಿ ಸೆಂಟಿಮೀಟರ್ ಉದ್ದಕ್ಕೆ, ಸುಮಾರು 12 ಕೆಜಿಯಷ್ಟು ಎಳೆತವನ್ನು ಹೊರಬೇಕು; 110 ಮಿಲಿಮೀಟರ್ ಕೊಳವೆಯ ಗೋಡೆ ಸುಮಾರು 22 ಕೆಜಿ ಹೊರಬೇಕು. ಅಗಲ ಹೆಚ್ಚಿದಂತೆ ಅದೇ ಒತ್ತಡಕ್ಕೆ ಹೆಚ್ಚು ದಪ್ಪದ ಗೋಡೆ ಬೇಕಾಗುತ್ತದೆ. ಹೀಗಾಗಿ ದೊಡ್ಡ ಕೊಳವೆಯ ದಪ್ಪ ಗೋಡೆ ಕಂಡಮಾತ್ರಕ್ಕೆ ಅದರ ತಾಳಿಕೆ ಹೆಚ್ಚೆಂದು ಹೇಳಲಾಗದು. ಮನೆಯ ನಳಜೋಡಣೆಗೆ ಬರುವ ‘ಶೆಡ್ಯೂಲ್ 40’ ಎಂಬ ಬಿಳಿಯ ಪಿವಿಸಿ ಕೊಳವೆಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಶೆಡ್ಯೂಲ್ ಎಂಬುದು ಗೋಡೆಯ ದಪ್ಪದ ಕ್ರಮ; ಒತ್ತಡದ ಅಂಕಿಯಲ್ಲ. ಅದೇ ಶೆಡ್ಯೂಲ್ 40ರಲ್ಲಿ ಅರ್ಧ ಇಂಚಿನ ಕೊಳವೆಯ ತಾಳಿಕೆ 600 ಪಿಎಸ್ಐ ಇದ್ದರೆ, ನಾಲ್ಕು ಇಂಚಿನದು 220 ಪಿಎಸ್ಐ ಮಾತ್ರ.

ಜಿಐ ಎಂದು ಕರೆಯುವ ಸತುಲೇಪಿತ ಕಬ್ಬಿಣದ ಕೊಳವೆಗೆ ಬಣ್ಣದ ಪಟ್ಟಿಯೇ ಭಾಷೆ. ಹಳದಿ ಪಟ್ಟಿ ಹಗುರ ವರ್ಗ, ನೀಲಿ ಮಧ್ಯಮ, ಕೆಂಪು ಭಾರಿ. ಅಕ್ಷರ ಬಾರದವರಿಗೂ ಓದಬರುವ ಲಿಪಿ ಇದು.

ಅಂಕಿಯ ಹಿಂದಿರುವ ಷರತ್ತುಗಳು

ಈಗ ಕಾಕಾನ ಮಾರ್ಗಕ್ಕೆ ಮರಳೋಣ. ಪಂಪಿನಿಂದ ಮೇಲಿನ ತೊಟ್ಟಿಗೆ ಇದ್ದ ಏರು 32 ಮೀಟರ್. ನೀರು ಹರಿಯುವಾಗ ಕೊಳವೆಯ ಒಳಮೈಗೆ ಉಜ್ಜಿ ಕಳೆದುಕೊಳ್ಳುವ ಒತ್ತಡ ಸುಮಾರು 6 ಮೀಟರಿನಷ್ಟು. ಎರಡನ್ನೂ ಕೂಡಿಸಿದರೆ 38 ಮೀಟರ್, ಎಂದರೆ 3.8 ಕೆಜಿ. ಪೈಪು 4 ಕೆಜಿಯದು. ಮೇಲುನೋಟಕ್ಕೆ ಅಂಗಡಿಯ ಮಾತು ತಪ್ಪಲ್ಲ. ಆದರೂ ಮಾರ್ಗ ಉಳಿಯಲಿಲ್ಲ. ಕಾರಣಗಳನ್ನು ನಾನು ತಿಳಿದುಕೊಂಡದ್ದು ಅನಂತರದ ವರ್ಷಗಳಲ್ಲಿ, ಒಂದೊಂದಾಗಿ.

ಮೊದಲನೆಯದು ಮುಚ್ಚಿದ ವಾಲ್ವು. ಪಂಪು ಅತ್ಯಧಿಕ ಒತ್ತಡ ಕೊಡುವುದು ನೀರು ಹರಿಯುವಾಗ ಅಲ್ಲ, ಹರಿಯದೆ ನಿಂತಾಗ. ಮೇಲಿನ ತುದಿಯಲ್ಲಿ ವಾಲ್ವು ಮುಚ್ಚಿ, ಕೆಳಗೆ ಪಂಪು ತಿರುಗುತ್ತಲೇ ಇದ್ದರೆ ಒತ್ತಡ ಏರುತ್ತ ಹೋಗಿ ಪಂಪಿನ ಗರಿಷ್ಠ ಮಟ್ಟವನ್ನು ಮುಟ್ಟುತ್ತದೆ. ನಮ್ಮ ಪಂಪಿಗೆ ಅದು 52 ಮೀಟರ್. ತೋಟದಲ್ಲಿದ್ದವರು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನೀರು ತಿರುಗಿಸುವಾಗ ಹಳೆಯ ವಾಲ್ವು ಮುಚ್ಚಿ ಆಮೇಲೆ ಹೊಸದನ್ನು ತೆರೆಯುತ್ತಿದ್ದರು. ಆ ಕೆಲವು ನಿಮಿಷ ತಳದ ಪೈಪು 5.2 ಕೆಜಿ ಹೊರುತ್ತಿತ್ತು. ಹೊಸದನ್ನು ತೆರೆದು ಆಮೇಲೆ ಹಳೆಯದನ್ನು ಮುಚ್ಚಬೇಕೆಂಬ ಸಣ್ಣ ತಿಳಿವಳಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಎರಡನೆಯದು ನೀರಿನ ಪೆಟ್ಟು. ಓಡುವ ನೀರು ಹಠಾತ್ತನೆ ನಿಂತರೆ ಅದರ ಓಟದ ಶಕ್ತಿ ಒತ್ತಡವಾಗಿ ಮಾರ್ಪಟ್ಟು ಕೊಳವೆಯುದ್ದಕ್ಕೂ ಅಲೆಯಾಗಿ ಬಡಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾಸ್ಕೋ ನಗರದ ನೀರಿನ ಕೊಳವೆಗಳ ಮೇಲೆ ಪ್ರಯೋಗ ನಡೆಸಿದ ರಷ್ಯದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ ಇದಕ್ಕೆ ಲೆಕ್ಕ ಕಂಡುಹಿಡಿದ. ಅದರ ಪ್ರಕಾರ ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಒಮ್ಮೆಲೆ ನಿಂತರೆ ಉಕ್ಕಿನ ಕೊಳವೆಯಲ್ಲಿ ಸುಮಾರು 12 ಕೆಜಿ, ಹಿಗ್ಗುವ ಗುಣವುಳ್ಳ ಪಿವಿಸಿಯಲ್ಲಿ ಸುಮಾರು ಎರಡೂವರೆಯಿಂದ ನಾಲ್ಕು ಕೆಜಿ ಒತ್ತಡ, ಆಗಲೇ ಇರುವ ಒತ್ತಡದ ಮೇಲೆ ಸೇರಿಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಈ ಪೆಟ್ಟನ್ನು ಕೊಡುವುದು ಮುಖ್ಯವಾಗಿ ಕರೆಂಟು. ದೀಪ ಹೋದ ಕ್ಷಣವೇ ಪಂಪು ನಿಲ್ಲುತ್ತದೆ. ಏರುತ್ತಿದ್ದ ನೀರಿನ ಕಂಬ ಹಿಂದಕ್ಕೆ ಬಂದು, ಮುಚ್ಚಿಕೊಳ್ಳುತ್ತಿರುವ ತಡೆವಾಲ್ವಿಗೆ ಅಪ್ಪಳಿಸುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟು ಹೋದರೆ ಕೊಳವೆಗೆ ನಾಲ್ಕು ಪೆಟ್ಟು.

ಮೂರನೆಯದು ಬಿಸಿಲು. ಪಿವಿಸಿಯ ಮೇಲಿನ ಅಂಕಿ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳಿದ ಅಂಕಿ. ಕಾವು ಏರಿದಂತೆ ತಾಳಿಕೆ ಇಳಿಯುತ್ತದೆ. ಬಿಸಿನೀರಿಗೆಂದೇ ಮಾಡಿದ ಸಿಪಿವಿಸಿ ಕೊಳವೆಯಲ್ಲಿ ಈ ಇಳಿತ ಎಷ್ಟೆಂದು ನೋಡಿ: ಎಸ್‌ಡಿಆರ್ 11 ಎಂಬ ಬಗೆಯ ತಾಳಿಕೆ 23 ಡಿಗ್ರಿಯಲ್ಲಿ 400 ಪಿಎಸ್ಐ, 82 ಡಿಗ್ರಿಯಲ್ಲಿ 100 ಪಿಎಸ್ಐ. ನಾಲ್ಕರಲ್ಲಿ ಒಂದು ಪಾಲು. ಸಾದಾ ಪಿವಿಸಿ ಇನ್ನೂ ಬೇಗ ಸೋಲುತ್ತದೆ. ಕಾಕಾನ ಪೈಪಿನ ಬಹುಭಾಗ ನೆಲದ ಮೇಲೆಯೇ ಮಲಗಿತ್ತು. ಚೈತ್ರ ವೈಶಾಖದ ನಮ್ಮ ಬಿಸಿಲಿನಲ್ಲಿ ಅದರ ಮೈ ಗಾಳಿಗಿಂತಲೂ ಹೆಚ್ಚು ಕಾಯುತ್ತಿತ್ತು. ವರ್ಷಗಟ್ಟಲೆ ಬಿಸಿಲುಂಡ ಪಿವಿಸಿ ಪೆಡಸಾಗುತ್ತದೆ ಕೂಡ. ಅದಕ್ಕಾಗಿಯೇ ಅದನ್ನು ಹೂಳಬೇಕು.

ಇಷ್ಟಾದರೂ ಪೈಪು ಮೊದಲ ದಿನವೇ ಒಡೆಯಲಿಲ್ಲ. ತಯಾರಿಕೆಯಲ್ಲೇ ಸಾಕಷ್ಟು ಸುರಕ್ಷತೆಯ ಮಿಗುತೆ ಇಟ್ಟಿರುತ್ತಾರೆ. ಈ ಮಿಗುತೆಯೇ ನಮ್ಮನ್ನು ಮೋಸಗೊಳಿಸುವುದು: ತಪ್ಪು ಆಯ್ಕೆ ಒಂದು ವರ್ಷ ನಡೆದರೆ ಅದನ್ನೇ ಸರಿ ಎಂದು ಭಾವಿಸುತ್ತೇವೆ. ಮುದ್ರಿತ ಅಂಕಿ ಹೇಳುವುದು ದೀರ್ಘಕಾಲ, ನಿಗದಿತ ಉಷ್ಣತೆಯಲ್ಲಿ, ಸ್ಥಿರವಾದ ಒತ್ತಡವನ್ನು ತಾಳುವ ಮಾತು. ಷರತ್ತು ಮುರಿದರೆ ಮಾತೂ ಮುರಿಯುತ್ತದೆ.

ಸಂಧಿಯಲ್ಲಿ ಬಲ

ವ್ಯಾಕರಣದಲ್ಲಿ ಸಂಧಿ ಎಂದರೆ ಎರಡು ಅಕ್ಷರಗಳ ಕೂಡುವಿಕೆ. ಕೊಳವೆಮಾರ್ಗದಲ್ಲೂ ಸಂಧಿಯೇ ಮುಖ್ಯ. ಎಲ್ಬೋ, ಟೀ, ಸಾಕೆಟ್, ರಿಡ್ಯೂಸರ್, ಎಂಡ್ ಕ್ಯಾಪ್, ವಾಲ್ವು ಇವನ್ನೆಲ್ಲ ಒಟ್ಟಾಗಿ ಫಿಟಿಂಗ್ ಎನ್ನುತ್ತಾರೆ. ಇಡೀ ಮಾರ್ಗದ ತಾಳಿಕೆ ಅದರಲ್ಲಿನ ಅತಿ ದುರ್ಬಲ ಫಿಟಿಂಗಿನ ತಾಳಿಕೆಯಷ್ಟೇ. 10 ಕೆಜಿ ಪೈಪಿಗೆ 4 ಕೆಜಿಯ ಒಂದೇ ಒಂದು ಟೀ ಹಾಕಿದರೆ ಆ ಮಾರ್ಗ 4 ಕೆಜಿಯದು. ಉಳಿದ ಹಣ ವ್ಯರ್ಥ.

ಚರಂಡಿ ಮತ್ತು ಶೌಚದ ನೀರಿಗೆ ಬಳಸುವ ಎಸ್‌ಡಬ್ಲ್ಯೂಆರ್ ಫಿಟಿಂಗುಗಳು ನೋಟಕ್ಕೆ ನೀರಾವರಿ ಫಿಟಿಂಗಿನಂತೆಯೇ ಬೂದುಬಣ್ಣದವು, ಅಳತೆಯಲ್ಲೂ ಹೊಂದಿಕೊಳ್ಳುತ್ತವೆ. ಆದರೆ ಅವು ಒತ್ತಡವಿಲ್ಲದೆ ಇಳಿದುಹೋಗುವ ನೀರಿಗೆ ಮಾಡಿದವು. ಪಂಪಿನ ಮಾರ್ಗಕ್ಕೆ ಅವನ್ನು ಹಾಕಕೂಡದು. ಇನ್ನೊಂದು ರೂಢಿ, ಸಾಕೆಟ್ ಉಳಿಸಲೆಂದು ಪೈಪಿನ ತುದಿಯನ್ನು ಬೆಂಕಿಯಲ್ಲಿ ಕಾಯಿಸಿ, ಬಾಯಿ ಅಗಲಿಸಿ, ಇನ್ನೊಂದು ಪೈಪನ್ನು ತುರುಕುವುದು. ಹಾಗೆ ಅಗಲಿಸಿದಲ್ಲಿ ಗೋಡೆ ತೆಳುವಾಗುತ್ತದೆ. ಸುಟ್ಟ ಪಿವಿಸಿ ಶಕ್ತಿ ಕಳೆದುಕೊಂಡಿರುತ್ತದೆ. ಸೊಲ್ಯೂಷನ್ ಹಚ್ಚಿ ಕೂಡಿಸುವಾಗ ಎರಡೂ ಮೈಗಳನ್ನು ಒರೆಸಿ, ಒಣಗಿಸಿ, ಪೂರ್ತಿ ಆಳಕ್ಕೆ ತಳ್ಳಬೇಕು. ಆಮೇಲೆ ಸಾಮಾನ್ಯವಾಗಿ ಒಂದು ಹಗಲು, ಒಂದು ರಾತ್ರಿ ಕಾಯದೆ ಪೂರ್ಣ ಒತ್ತಡ ಕೊಡಬಾರದು.

ತಿರುವುಗಳಲ್ಲಿ ಇನ್ನೊಂದು ಬಲ ಕೆಲಸ ಮಾಡುತ್ತದೆ. 110 ಮಿಲಿಮೀಟರ್ ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು 95 ಚದರ ಸೆಂಟಿಮೀಟರ್. ಕೊನೆಯಲ್ಲಿ ಹಾಕಿದ ಎಂಡ್ ಕ್ಯಾಪನ್ನು 4 ಕೆಜಿ ಒತ್ತಡ ಸುಮಾರು 380 ಕೆಜಿ ಬಲದಿಂದ ಹೊರಕ್ಕೆ ನೂಕುತ್ತದೆ. ಕಾಟಕೋನದ ಎಲ್ಬೋ ಮೇಲೆ ಬೀಳುವ ನೂಕು ಐದು ಕ್ವಿಂಟಲಿಗೂ ಮಿಕ್ಕದ್ದು. ಇದನ್ನು ಬರಿಯ ಅಂಟು ಬಹುಕಾಲ ಹಿಡಿದಿಡಲಾರದು. ತಿರುವಿನ ಹೊರಮಗ್ಗುಲಿಗೆ ಕಾಂಕ್ರೀಟಿನ ದಿಮ್ಮಿಯನ್ನು ಆನಿಸಿ ಕಟ್ಟುವುದು ಇದಕ್ಕಾಗಿ. ಕಾಕಾನ ಮಾರ್ಗ ಮೊದಲು ಬಿಚ್ಚಿಕೊಂಡದ್ದು ಬಾವಿಯ ಬಳಿಯ ತಿರುವಿನಲ್ಲೇ ಏಕೆಂಬುದು ಈಗ ನಿಮಗೆ ಹೊಳೆದಿರಬೇಕು. ಇಡೀ ಮಾರ್ಗದಲ್ಲಿ ಅತ್ಯಂತ ತಗ್ಗಿನ ಜಾಗ ಅದು, ಆದ್ದರಿಂದ ಅತ್ಯಧಿಕ ಒತ್ತಡ. ತಡೆವಾಲ್ವಿಗೆ ಹತ್ತಿರ, ಆದ್ದರಿಂದ ಅತ್ಯಧಿಕ ಪೆಟ್ಟು. ಮೇಲಾಗಿ ಆನಿಕೆಯಿಲ್ಲದ ಎಲ್ಬೋ.

ವಿಜಯಪುರದ ಗಂಜ್‌ಗಳು

ಒತ್ತಡ ಹೆಚ್ಚಾದರೆ ಎರಡು ದಾರಿಗಳಿವೆ. ಕೊಳವೆಯನ್ನು ಬಲಪಡಿಸಬೇಕು, ಇಲ್ಲವೆ ಒತ್ತಡವನ್ನೇ ತಗ್ಗಿಸಬೇಕು. ಎರಡನೆಯ ದಾರಿಯ ಹಳೆಯ ನಿದರ್ಶನವೊಂದು ನಮ್ಮ ನೆರೆಯ ವಿಜಯಪುರದಲ್ಲಿದೆ. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ್ ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ಕೆರೆಯನ್ನು ಕಟ್ಟಿಸಿದ. ಅಲ್ಲಿಂದ ನಗರಕ್ಕೆ ನೀರು ಬಂದದ್ದು ನೆಲದಾಳದಲ್ಲಿ ಗಾರೆಗಟ್ಟಡದೊಳಗೆ ಹೂತ ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಮಣ್ಣಿನ ಕೊಳವೆ ಹೆಚ್ಚಿನ ಒತ್ತಡ ತಾಳದು. ಆದ್ದರಿಂದ ಮಾರ್ಗದುದ್ದಕ್ಕೂ 25ರಿಂದ 40 ಅಡಿ ಎತ್ತರದ ಗೋಪುರಗಳನ್ನು ನಿಲ್ಲಿಸಿದರು. ಅವನ್ನು ‘ಗಂಜ್’ ಎನ್ನುತ್ತಾರೆ. ನೀರು ಗೋಪುರದೊಳಗೆ ಏರಿ ಗಾಳಿಗೆ ಮುಖ ತೋರಿಸಿ ಮತ್ತೆ ಮುಂದಿನ ಕೊಳವೆಗೆ ಇಳಿಯುತ್ತಿತ್ತು. ತೆರೆದ ನೀರಿನ ಮಟ್ಟಕ್ಕಿಂತ ಹೆಚ್ಚಿನ ಒತ್ತಡ ಮುಂದಿನ ಭಾಗಕ್ಕೆ ದಾಟುವಂತಿರಲಿಲ್ಲ. ನೀರಿನ ಪೆಟ್ಟೂ ಅಲ್ಲಿಯೇ ಶಮನಗೊಳ್ಳುತ್ತಿತ್ತು. ಕೆಸರು ತಳಕ್ಕೆ ಇಳಿದು ತಿಳಿನೀರು ಮುಂದೆ ಸಾಗುತ್ತಿತ್ತು. ಮುಂದಿನ ಸಲ ಗೋಳಗುಮ್ಮಟ ನೋಡಲು ಹೋದಾಗ ನಗರದ ನಡುವೆ ಒಂಟಿಯಾಗಿ ನಿಂತ ಈ ಗೋಪುರಗಳನ್ನೂ ನೋಡಿ ಬನ್ನಿ.

ನಮ್ಮ ಕಾಲದ ದೊಡ್ಡ ಯೋಜನೆಗಳಲ್ಲೂ ಇದೇ ವಿವೇಕವಿದೆ. 1974ರಲ್ಲಿ ಮೊದಲ ಹಂತ ಮುಗಿದ ಕಾವೇರಿ ಯೋಜನೆಯಲ್ಲಿ ಬೆಂಗಳೂರಿಗೆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ಒಂದೇ ನೂಕಿನಲ್ಲಿ ಏರಿಸುವುದಾದರೆ ತಳದ ಕೊಳವೆ 50 ಕೆಜಿಗೂ ಹೆಚ್ಚು ತಾಳಬೇಕಾಗುತ್ತಿತ್ತು. ಅದರ ಬದಲು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪುಮನೆಗಳನ್ನು ಕಟ್ಟಿ ಏರನ್ನು ಹಂಚಿದ್ದಾರೆ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನೆತ್ತಿ ನಮ್ಮ ತಾಲೂಕಿನತ್ತ ತರುವ ಯೋಜನೆಯೂ ಹಂತ ಹಂತವಾಗಿಯೇ ಏರುತ್ತದೆ. ಎತ್ತರದ ಹೊಲಕ್ಕೆ ನೀರು ಒಯ್ಯುವ ರೈತನೂ ನಡುವೆ ಒಂದು ತೊಟ್ಟಿ ಕಟ್ಟಿ, ಅಲ್ಲಿಂದ ಎರಡನೆಯ ಸಣ್ಣ ಪಂಪಿನಿಂದ ಏರಿಸಿದರೆ ಅಗ್ಗದ ಪೈಪೇ ಸಾಕಾಗಬಹುದು. ಎರಡೂ ದಾರಿಯ ಖರ್ಚನ್ನು ತೂಗಿ ನೋಡಬೇಕು.

ಅನಿಲದ ಮಾತು ಬೇರೆ

ನೀರಿಗೆ ಸರಿಯೆನಿಸಿದ ಲೆಕ್ಕವನ್ನು ಹಾಗೆಯೇ ಅನಿಲಕ್ಕೆ ಅನ್ವಯಿಸಿದರೆ ಪ್ರಾಣಾಪಾಯ. ನೀರು ಅಮುಕಿದರೆ ಕುಗ್ಗುವುದಿಲ್ಲವೆಂದೇ ಹೇಳಬಹುದು. ಕೊಳವೆ ಸೀಳಿದೊಡನೆ ಒತ್ತಡ ಬಿದ್ದುಹೋಗುತ್ತದೆ; ನೆಲ ಒದ್ದೆಯಾಗುತ್ತದೆ. ಅಮುಕಿದ ಗಾಳಿ ಅಥವಾ ಅನಿಲ ಎಳೆದ ಬಿಲ್ಲಿನ ಹಾಗೆ. ಕೊಳವೆ ಬಿರಿದಾಗ ಅದು ಹಿಗ್ಗುತ್ತಲೇ ಹೋಗಿ ಚೂರುಗಳನ್ನು ದೂರಕ್ಕೆ ಎಸೆಯುತ್ತದೆ. ಆದ್ದರಿಂದ 10 ಕೆಜಿ ಎಂದು ಬರೆದ ನೀರಿನ ಪಿವಿಸಿ ಪೈಪಿನಲ್ಲಿ 5 ಕೆಜಿಯ ಗಾಳಿಯನ್ನೂ ತುಂಬಕೂಡದು. ಹೊಸ ಮಾರ್ಗದ ಪರೀಕ್ಷೆಯನ್ನು ಗಾಳಿಯಿಂದ ಮಾಡದೆ, ಒಳಗಿನ ಗಾಳಿಯನ್ನೆಲ್ಲ ಹೊರಬಿಟ್ಟು, ನೀರು ತುಂಬಿ ಮಾಡಬೇಕು. ಸಾಮಾನ್ಯವಾಗಿ ಬಳಕೆಯ ಒತ್ತಡದ ಒಂದೂವರೆ ಪಟ್ಟು ಕೊಟ್ಟು, ಸಂಧಿಗಳನ್ನು ಮಣ್ಣಿನಿಂದ ಮುಚ್ಚುವ ಮೊದಲೇ ನೋಡುತ್ತಾರೆ.

ಅಡುಗೆ ಅನಿಲದಲ್ಲಿ ಇನ್ನೊಂದು ವಿಚಿತ್ರ. ಸಿಲಿಂಡರಿನೊಳಗೆ ಹಲವು ಕೆಜಿ ಒತ್ತಡವಿದ್ದರೂ ರೆಗ್ಯುಲೇಟರ್ ಅದನ್ನು ಸುಮಾರು 30 ಸೆಂಟಿಮೀಟರ್ ನೀರಿನಷ್ಟಕ್ಕೆ, ಎಂದರೆ ಚದರ ಸೆಂಟಿಮೀಟರಿಗೆ 30 ಗ್ರಾಮಿನಷ್ಟಕ್ಕೆ ಇಳಿಸಿ ಒಲೆಗೆ ಕಳಿಸುತ್ತದೆ. ಇಷ್ಟು ಕಡಿಮೆ ಒತ್ತಡಕ್ಕೆ ಯಾವ ಕೊಳವೆಯಾದರೂ ನಡೆದೀತು ಎಂದು ತೋಟದ ನಳಿಕೆಯ ತುಂಡನ್ನು ಜೋಡಿಸುವವರುಂಟು. ಇಲ್ಲಿ ಪ್ರಶ್ನೆ ಒಡೆಯುವುದರದ್ದಲ್ಲ, ಸೋರುವುದರದ್ದು. ನೀರು ನುಸುಳದ ಸಂದಿಯಲ್ಲಿ ಅನಿಲ ನುಸುಳುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದ್ದು ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಒಂದು ಕಿಡಿ ಸಾಕು. ಅದಕ್ಕೆಂದೇ ತಯಾರಿಸಿದ, ಐಎಸ್ಐ ಗುರುತಿನ ಕಿತ್ತಳೆಬಣ್ಣದ ಸುರಕ್ಷಾ ನಳಿಕೆಯನ್ನೇ ಬಳಸಿ, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸೋರಿಕೆಯನ್ನು ಸಾಬೂನು ನೀರಿನಿಂದ ಪರೀಕ್ಷಿಸಬೇಕು. ಕಡ್ಡಿ ಗೀರಿ ಎಂದಿಗೂ ಅಲ್ಲ. ಅನಿಲದ ಫಿಟಿಂಗ್ ಕೊಳ್ಳುವಾಗ ‘ಎಷ್ಟು ಒತ್ತಡಕ್ಕೆ’ ಎಂಬ ಪ್ರಶ್ನೆಗಿಂತ ಮೊದಲು ‘ಯಾವ ವಸ್ತುವಿಗೆ’ ಎಂಬ ಪ್ರಶ್ನೆ ಬರಬೇಕು.

ಕೊಳ್ಳುವ ಮೊದಲು

ಮನೆಯವರೊಡನೆ ಅಂಗಡಿಗೆ ಹೋಗುವ ಮುನ್ನ ನೀವು ತಿಳಿದಿರಬೇಕಾದದ್ದು ಇಷ್ಟು. ಮಾರ್ಗದ ಅತಿ ತಗ್ಗಿನ ಜಾಗಕ್ಕೂ ಅತಿ ಎತ್ತರದ ಜಾಗಕ್ಕೂ ನೆಟ್ಟನೆಯ ಅಂತರವೆಷ್ಟು? ವಾಲ್ವು ಮುಚ್ಚಿದಾಗ ಪಂಪು ಕೊಡುವ ಗರಿಷ್ಠ ಮಟ್ಟವೆಷ್ಟು? ಇದು ಪಂಪಿನ ತಯಾರಕರು ಕೊಡುವ ಪಟ್ಟಿಯಲ್ಲಿರುತ್ತದೆ. ಇವೆರಡರಲ್ಲಿ ದೊಡ್ಡದನ್ನು ಹಿಡಿದು, ಪೆಟ್ಟಿಗೂ ಬಿಸಿಲಿಗೂ ಮಿಗುತೆ ಸೇರಿಸಿ, ಬಂದ ಅಂಕಿಗಿಂತ ಮೇಲಿನ ವರ್ಗವನ್ನು ಆರಿಸಬೇಕು. ಕಾಕಾನ ಮಾರ್ಗಕ್ಕೆ 52 ಮೀಟರ್ ಹಿಡಿದು, ಮೇಲೆ ಪೆಟ್ಟಿನ ಮೂರು ಕೆಜಿ ಸೇರಿಸಿದ್ದರೆ, ತಗ್ಗಿನ ಭಾಗಕ್ಕಾದರೂ 10 ಕೆಜಿ ಪೈಪು ಬೇಕೆಂದು ಗೊತ್ತಾಗುತ್ತಿತ್ತು. ಗುಡ್ಡ ಏರಿದಂತೆ ಒತ್ತಡ ಇಳಿಯುವುದರಿಂದ ಮೇಲಿನ ಭಾಗಕ್ಕೆ ಅದಕ್ಕಿಂತ ಕಡಿಮೆ ತಾಳಿಕೆಯದು ನಡೆಯುತ್ತಿತ್ತು. ಖರ್ಚು ನಾವು ಹೆದರಿದಷ್ಟು ಆಗುತ್ತಿರಲಿಲ್ಲ. ಪಂಪಿನ ಬಳಿ ಒಂದು ಒತ್ತಡಮಾಪಕ ಕೂರಿಸಿದರೆ ಈ ಲೆಕ್ಕವೆಲ್ಲ ಮುಳ್ಳಿನ ರೂಪದಲ್ಲಿ ಕಣ್ಣಿಗೇ ಕಾಣುತ್ತದೆ.

ಕಾಕಾ ಮರುವರ್ಷ ಆ ಮಾರ್ಗವನ್ನು ಕಿತ್ತು, ಬಾವಿಯ ಬಳಿಯ ಹದಿನೈದು ಪೈಪುಗಳನ್ನು ಬದಲಿಸಿದರು. ಆಗಲೂ ನನ್ನನ್ನೇ ಅಂಗಡಿಗೆ ಕರೆದುಕೊಂಡು ಹೋದರು. ಈ ಸಲ ನಾನು ಓದಿ ಹೇಳುವ ಮೊದಲು ಪಂಪಿನ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾವು ಮನುಷ್ಯರಿಗೆ ಹೇಳುತ್ತೇವೆ. ಎಷ್ಟು ತಾಳಬೇಕಾಗುತ್ತದೆ ಎಂದು ಮೊದಲೇ ತಿಳಿದು ಸಿದ್ಧವಾದರೆ ಕೊಳವೆಯೂ ಬಾಳುತ್ತದೆ, ಅದನ್ನು ನಂಬಿದ ಮನೆಯೂ ಬಾಳುತ್ತದೆ.

ಕೊನೆಯದಾಗಿ ಒಂದು ಕೆಲಸ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಹೊಲದ ಕೊಳವೆಯ ಮೈಮೇಲಿನ ಬರಹವನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಅದರ ಅರ್ಥವನ್ನು ಮನೆಯವರಿಗೆ ಕನ್ನಡದಲ್ಲಿ ವಿವರಿಸಿ. ಜೊತೆಗೆ ನಿಮ್ಮೂರಿನ ರೈತರೂ ನಳ ಜೋಡಿಸುವವರೂ ಈ ವಸ್ತುಗಳಿಗೆ ಬಳಸುವ ಹೆಸರುಗಳನ್ನು, ಕನ್ನಡವಿರಲಿ, ಮರಾಠಿಯಿರಲಿ, ಎರಡೂ ಬೆರೆತಿರಲಿ, ಪಟ್ಟಿ ಮಾಡಿ ವಿಭಾಗಕ್ಕೆ ತನ್ನಿ. ಎಲ್ಲರ ಪಟ್ಟಿಗಳನ್ನೂ ಸೇರಿಸಿ ಮುಂದಿನ ಸಂಚಿಕೆಗೆ ಒಂದು ಪದಕೋಶ ಸಿದ್ಧಪಡಿಸೋಣ.